ಹೆಸರು ಹಿಡಿದು ಕರೆದರೆ ಸಾಕು: ಒಂದೇ ಐಪಿ ವಿಳಾಸದ ಹಿಂದೆ ಹಲವು ವೆಬ್ ಸರ್ವರ್‌ಗಳು

ಮೊದಲ ಸರ್ವರ್ ಇಡುವಾಗ ಯಾರಿಗೂ ಕಷ್ಟವಾಗುವುದಿಲ್ಲ. ರೌಟರ್‌ನ ಸೆಟ್ಟಿಂಗ್ಸ್ ಪುಟ ತೆರೆದು, ಹೊರಗಿನಿಂದ 443ನೇ ಪೋರ್ಟ್‌ಗೆ, ಅಂದರೆ ಎಚ್‌ಟಿಟಿಪಿಎಸ್ ಸೈಟ್‌ಗಳ ಬಾಗಿಲ ಸಂಖ್ಯೆಗೆ, ಬಂದದ್ದನ್ನೆಲ್ಲ ಒಳಗಿನ 192.168.1.10 ವಿಳಾಸದ ಯಂತ್ರಕ್ಕೆ ಕಳಿಸು ಎಂದು ಬರೆದರೆ ಮುಗಿಯಿತು. ತೊಡಕು ಶುರುವಾಗುವುದು ಎರಡನೇ ಸರ್ವರ್ ಬಂದಾಗ. ಫೋಟೋಗಳಿಗೆ ಒಂದು ಯಂತ್ರ ಇದೆ, ಫೈಲ್‌ಗಳಿಗೆ ಇನ್ನೊಂದು ಬಂದಿದೆ. ಅದಕ್ಕೂ 443 ಬೇಕು. ರೌಟರ್ ಒಪ್ಪುವುದಿಲ್ಲ. ಒಂದು ಪೋರ್ಟ್‌ಗೆ ಒಂದೇ ಯಂತ್ರ ಎನ್ನುತ್ತದೆ. ನಾನು ಮೊದಲ ಸಲ ಇಲ್ಲಿ ಸಿಕ್ಕಿಕೊಂಡಾಗ ರೌಟರೇ ಸರಿಯಿಲ್ಲ ಅಂದುಕೊಂಡಿದ್ದೆ. ರೌಟರ್ ಸರಿಯಾಗೇ ಇತ್ತು. ಅದಕ್ಕೆ ಕಾಣುವುದೇ ಅಷ್ಟು.

ಹೀಗೆ ಪೋರ್ಟ್ ಫಾರ್ವರ್ಡಿಂಗ್ ಮಾಡುವಾಗ ರೌಟರ್ ನೋಡುವುದು ಪ್ಯಾಕೆಟ್‌ನ ಮೇಲಿರುವ ವಿಳಾಸ ಮತ್ತು ಪೋರ್ಟ್. ಹೊರಗಿನವರು ಫೋಟೋ ಕೇಳಲಿ, ಫೈಲ್ ಕೇಳಲಿ, ಎರಡರ ಮೇಲೂ ಅದೇ ಐಪಿ, ಅದೇ 443. ಯಾವುದು ಯಾರಿಗೆ ಎಂದು ವಿಂಗಡಿಸಲು ಅದರ ಕೈಯಲ್ಲಿ ಏನೂ ಇಲ್ಲ. ಹಾಗಿದ್ದರೂ ಒಂದೇ ಐಪಿಯ ಹಿಂದೆ ನೂರಾರು ವೆಬ್‌ಸೈಟ್‌ಗಳು ನಡೆಯುತ್ತಿವೆ. ಅದು ಸಾಧ್ಯವಾಗಿರುವುದು ಒಂದೇ ಕಾರಣಕ್ಕೆ: ಬ್ರೌಸರ್ ತಾನು ಹುಡುಕಿಕೊಂಡು ಬಂದ ಸೈಟಿನ ಹೆಸರನ್ನು ಹೇಳುತ್ತದೆ. ಆ ಹೆಸರನ್ನು ಯಾರು ಹೇಳುತ್ತಾರೆ, ಯಾವಾಗ ಹೇಳುತ್ತಾರೆ, ದಾರಿಯಲ್ಲಿ ಯಾರು ಕೇಳಿಸಿಕೊಳ್ಳುತ್ತಾರೆ? ಈ ವಿಷಯದಲ್ಲಿ ಬರುವ ಹೆಚ್ಚಿನ ಗೊಂದಲಗಳು ಈ ಪ್ರಶ್ನೆ ಕೇಳಿದರೆ ಬಿಡಿಸಿಕೊಳ್ಳುತ್ತವೆ.

ವಿಳಾಸ ಯಾಕೆ ಒಂದೇ ಸಿಗುತ್ತದೆ

ಇಲ್ಲಿಯವರೆಗೆ ಹೇಳಿದ ಐಪಿ ವಿಳಾಸ ಐಪಿವಿ4 ಎಂಬ ಹಳೆಯ ಬಗೆಯದು, 32 ಬಿಟ್‌ಗಳದ್ದು. ಒಟ್ಟು 429 ಕೋಟಿ ಚಿಲ್ಲರೆ. ಅದರಲ್ಲೂ ಒಂದಷ್ಟು ಬೇರೆ ಬೇರೆ ಉದ್ದೇಶಕ್ಕೆ ಮೀಸಲು. ಜಾಗತಿಕ ದಾಸ್ತಾನು ನೋಡಿಕೊಳ್ಳುವ ಐಎಎನ್‌ಎ ತನ್ನ ಬಳಿ ಉಳಿದಿದ್ದ ಕೊನೆಯ ಐದು ದೊಡ್ಡ ಕಟ್ಟುಗಳನ್ನು 2011ರ ಫೆಬ್ರವರಿ 3ರಂದು ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳಿಗೆ ಹಂಚಿ ಕೈ ಖಾಲಿ ಮಾಡಿಕೊಂಡಿತು. ಉತ್ತರ ಅಮೆರಿಕದ ಆರಿನ್ ಬಳಿ 2015ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಯುರೋಪ್ ನೋಡಿಕೊಳ್ಳುವ ರೈಪ್ ಬಳಿ 2019ರ ನವೆಂಬರ್‌ನಲ್ಲಿ ಮುಗಿಯಿತು. ಈಗ ಹೊಸದಾಗಿ ಬೇಕಾದವರು ಇದ್ದವರಿಂದ ಕೊಳ್ಳಬೇಕು, ಬಾಡಿಗೆಗೆ ಪಡೆಯಬೇಕು, ಇಲ್ಲವೇ ಕಾಯಬೇಕು. ಅಮೆಜಾನ್ ತನ್ನ ಕ್ಲೌಡ್‌ನಲ್ಲಿ ಬಳಸುವ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೂ 2024ರ ಫೆಬ್ರವರಿ 1ರಿಂದ ಗಂಟೆ ಲೆಕ್ಕದಲ್ಲಿ ಹಣ ತೆಗೆದುಕೊಳ್ಳುತ್ತಿದೆ. ಅಲ್ಲಿಯವರೆಗೆ ಸುಮ್ನೆ ಇಟ್ಟುಕೊಂಡ ವಿಳಾಸಕ್ಕೆ ಮಾತ್ರ ಶುಲ್ಕವಿತ್ತು. ಬಳಸಿದ್ದಕ್ಕೂ ಶುಲ್ಕ ಬಂದ ಮೇಲೆ, ಹತ್ತು ಸರ್ವರ್‌ಗೆ ಹತ್ತು ವಿಳಾಸ ಎಂಬ ಲೆಕ್ಕ ದೊಡ್ಡವರಿಗೂ ಭಾರವಾಯಿತು.

ಈ ಕೊರತೆ ಮುಂಚೆಯೇ ಗೊತ್ತಿತ್ತು. ಅದಕ್ಕೇ 1994ರಲ್ಲಿ, ಒಳಗಿನ ವಿಳಾಸವನ್ನು ಹೊರಗಿನದಕ್ಕೆ ಬದಲಿಸುವ ನ್ಯಾಟ್ ಎಂಬ ಉಪಾಯದ ವಿವರ ಬಂತು. 1996ರಲ್ಲಿ ಆರ್‌ಎಫ್‌ಸಿ 1918 ಎಂಬ ಇಂಟರ್ನೆಟ್ ನಿಯಮಪತ್ರ ಒಳಗಿನ ಬಳಕೆಗೆಂದು ಕೆಲವು ವಿಳಾಸಗಳನ್ನು ಎತ್ತಿಟ್ಟಿತು. 10ರಿಂದ ಶುರುವಾಗುವವು, 172.16ರಿಂದ 172.31ರವರೆಗಿನವು, ನಮಗೆಲ್ಲ ಪರಿಚಯವಿರುವ 192.168ರವು. ಒಳಗೆ ಎಷ್ಟು ಯಂತ್ರಗಳಾದರೂ ಇರಲಿ, ಹೊರಗೆ ಕಾಣುವುದು ಒಂದೇ ವಿಳಾಸ. ಒಳಗಿನವರು ಹೊರಗೆ ಹೋಗುವಾಗ ಇದು ಚೆನ್ನಾಗಿಯೇ ನಡೆಯುತ್ತದೆ, ಯಾಕೆಂದರೆ ಯಾರು ಏನು ಕೇಳಿದರು ಎಂದು ರೌಟರ್ ನೆನಪಿಟ್ಟುಕೊಂಡಿರುತ್ತದೆ. ಹೊರಗಿನವರು ತಾವಾಗಿಯೇ ಒಳಗೆ ಬಂದಾಗ ಆ ನೆನಪು ಇರುವುದಿಲ್ಲ. ನಮ್ಮ ತೊಂದರೆ ಇರುವುದು ಅಲ್ಲೇ.

ಬೇರೆ ಪೋರ್ಟ್ ಕೊಟ್ಟರೆ ಸಾಲದೇ

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಫೋಟೋಗೆ 443, ಫೈಲ್‌ಗೆ 8443. ಪೋರ್ಟ್ ಸಂಖ್ಯೆ 65535ರವರೆಗೂ ಇದೆಯಲ್ಲ. ಕೆಲಸ ಆಗುತ್ತದೆ, ನಿಜ. ಆದರೆ ನಾನು ಇದನ್ನು ಯಾರಿಗೂ ಹೇಳುವುದಿಲ್ಲ.

ಬಳಸುವವರು ವಿಳಾಸದ ಜೊತೆ ಸಂಖ್ಯೆಯನ್ನೂ ನೆನಪಿಡಬೇಕು. ಹೆಸರಿಗೆ ಐಪಿ ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿ ಪೋರ್ಟ್ ಬರೆದಿಡಬಾರದೇ ಎಂದು ತುಂಬ ಜನ ಕೇಳುತ್ತಾರೆ. ಡಿಎನ್‌ಎಸ್‌ನ ಎ ರೆಕಾರ್ಡ್‌ನಲ್ಲಿ ಐಪಿ ಮಾತ್ರ ಇರುತ್ತದೆ, ಪೋರ್ಟ್‌ಗೆ ಜಾಗವೇ ಇಲ್ಲ. 2023ರ ನವೆಂಬರ್‌ನಲ್ಲಿ ಬಂದ ಆರ್‌ಎಫ್‌ಸಿ 9460ರ ಎಚ್‌ಟಿಟಿಪಿಎಸ್ ರೆಕಾರ್ಡ್‌ನಲ್ಲಿ ಪೋರ್ಟ್ ಹೇಳುವ ಅವಕಾಶ ಇದೆ. ಆದರೆ ಎಲ್ಲ ಬ್ರೌಸರ್, ಎಲ್ಲ ಆಪ್ ಅದನ್ನು ಒಂದೇ ರೀತಿ ಪಾಲಿಸುವವರೆಗೆ ಅದನ್ನೇ ನಂಬಿ ಕೂರುವಂತಿಲ್ಲ. ಇದಲ್ಲದೆ ಎಷ್ಟೋ ಕಚೇರಿ, ಕಾಲೇಜುಗಳ ಫೈರ್‌ವಾಲ್ 80 ಮತ್ತು 443 ಬಿಟ್ಟು ಬೇರೆ ಪೋರ್ಟ್‌ಗೆ ಹೋಗಲು ಬಿಡುವುದೇ ಇಲ್ಲ. ಮನೆಯಿಂದ ತೆರೆಯುವ ಪುಟ ಕಚೇರಿಯಿಂದ ತೆರೆಯುವುದಿಲ್ಲ, ಕಾರಣ ಮಾತ್ರ ಯಾರಿಗೂ ತಿಳಿಯುವುದಿಲ್ಲ.

ಇನ್ನೊಂದು ವಿಷಯ ಕಣ್ಣಿಗೆ ಬೀಳುವುದಿಲ್ಲ, ನನಗೆ ಅದೇ ಹೆಚ್ಚು ಮುಖ್ಯ. ಲಾಗಿನ್ ನೆನಪಿಡಲು ಬ್ರೌಸರ್ ಇಟ್ಟುಕೊಳ್ಳುವ ಕುಕಿಗಳು ಪೋರ್ಟ್ ನೋಡುವುದಿಲ್ಲ. ಒಂದೇ ಹೆಸರಿನ 443ರಲ್ಲಿ ಒಂದು ಆಪ್, 8443ರಲ್ಲಿ ಇನ್ನೊಂದು ಇದ್ದರೆ, ಬ್ರೌಸರ್ ಒಂದರ ಕುಕಿಯನ್ನು ಇನ್ನೊಂದಕ್ಕೂ ಕೊಡುತ್ತದೆ. ಎರಡೂ ಕುಕಿಗೆ ಒಂದೇ ಹೆಸರಿಟ್ಟಿದ್ದರೆ ಒಂದಕ್ಕೆ ಲಾಗಿನ್ ಆದ ಕೂಡಲೇ ಇನ್ನೊಂದರಿಂದ ಲಾಗೌಟ್ ಆಗುತ್ತೀರಿ. ಅದು ಬರೀ ಕಿರಿಕಿರಿ. ಒಂದು ಆಪ್‌ನಲ್ಲಿ ಕನ್ನ ಬಿದ್ದರೆ ಇನ್ನೊಂದರ ಲಾಗಿನ್ ಸೆಷನ್ ಕೂಡ ಕನ್ನ ಹಾಕಿದವರ ಕೈಗೆ ಹೋಗುತ್ತದೆ, ಅದು ನಿಜವಾದ ಅಪಾಯ.

ಒಂದೇ ಹೆಸರಿನ ಕೆಳಗೆ ಓರೆಗೆರೆ ಹಾಕಿ, ಒಂದಕ್ಕೆ ಫೋಟೋ, ಇನ್ನೊಂದಕ್ಕೆ ಫೈಲ್ ಎಂದು ದಾರಿ ಬೇರೆ ಮಾಡುವ ಪದ್ಧತಿಗೂ ಇದೇ ಮಾತು ಸಲ್ಲುತ್ತದೆ. ಬ್ರೌಸರ್ ಲೆಕ್ಕದಲ್ಲಿ ಅವೆರಡೂ ಒಂದೇ ಸೈಟ್. ಒಂದರ ಸ್ಕ್ರಿಪ್ಟ್ ಇನ್ನೊಂದರ ಪುಟವನ್ನು ಓದಬಲ್ಲದು. ಮೇಲಾಗಿ ಎಷ್ಟೋ ಆಪ್‌ಗಳು ತಾವು ಬುಡದಲ್ಲೇ ಇದ್ದೇವೆ ಎಂದು ನಂಬಿ ಲಿಂಕ್ ಬರೆದಿರುತ್ತವೆ. ಅವನ್ನು ಉಪದಾರಿಗೆ ತಳ್ಳಿದರೆ ಚಿತ್ರಗಳು ಬರುವುದಿಲ್ಲ, ಬಟನ್ ಒತ್ತಿದರೆ ಪುಟ ಇಲ್ಲ ಎನ್ನುವ 404. ಒಂದು ಆಪ್‌ಗೆ ಒಂದು ಸಬ್‌ಡೊಮೇನ್ ಕೊಡಿ, ಅಂದರೆ ಮೂಲ ಹೆಸರಿನ ಮುಂದೆ ಇನ್ನೊಂದು ಪದ ಸೇರಿಸಿದ ಹೆಸರು. ಇದಕ್ಕೆ ಬೇರೆ ದುಡ್ಡೇನೂ ಬೇಡ.

ಬ್ರೌಸರ್ ಹೆಸರು ಹೇಳಲು ಕಲಿತದ್ದು

ಮೊದಲ ಕಾಲದ ವೆಬ್‌ನಲ್ಲಿ ಬ್ರೌಸರ್ ಹೆಸರು ಹೇಳುತ್ತಿರಲಿಲ್ಲ. ಸರ್ವರ್‌ಗೆ ಸಂಪರ್ಕ ಕಟ್ಟಿಕೊಂಡು ಈ ಪುಟ ಕೊಡು ಅನ್ನುತ್ತಿತ್ತು, ಅಷ್ಟೇ. ಯಾವ ಸೈಟಿನ ಪುಟ ಎಂಬುದನ್ನು ಐಪಿ ನೋಡಿಯೇ ಊಹಿಸಬೇಕಿತ್ತು. ಹಾಗಾಗಿ ಸೈಟಿಗೊಂದು ಐಪಿ ಬೇಕೇ ಬೇಕಿತ್ತು. 1997ರ ಜನವರಿಯಲ್ಲಿ ಬಂದ ಎಚ್‌ಟಿಟಿಪಿ 1.1 ಇದನ್ನು ಬದಲಿಸಿತು. ಪ್ರತಿ ವಿನಂತಿಯ ಜೊತೆ ಸೈಟಿನ ಹೆಸರು ಹೇಳುವ ಹೋಸ್ಟ್ ಎಂಬ ಹೆಡರ್ ಸಾಲು ಇರಲೇಬೇಕು, ಇಲ್ಲದಿದ್ದರೆ ಸರ್ವರ್ 400 ಎಂದು ತಿರಸ್ಕರಿಸಬೇಕು ಎಂದು ನಿಯಮ ಮಾಡಿತು. ಒಂದೇ ಒಂದು ಸಾಲು. ಇಡೀ ವೆಬ್ ಹೋಸ್ಟಿಂಗ್ ಉದ್ಯಮ ಆ ಸಾಲಿನ ಮೇಲೆ ನಿಂತಿದೆ ಎಂದರೆ ಹೆಚ್ಚಲ್ಲ.

ಆ ಸಾಲನ್ನು ಓದಿ ಸರಿಯಾದ ಯಂತ್ರಕ್ಕೆ ದಾಟಿಸುವ ಪ್ರೋಗ್ರಾಂಗೆ ರಿವರ್ಸ್ ಪ್ರಾಕ್ಸಿ ಎನ್ನುತ್ತಾರೆ. 2001ರಿಂದ ಇರುವ ಎಚ್‌ಎ‌ಪ್ರಾಕ್ಸಿ, 2004ರಲ್ಲಿ ಇಗೋರ್ ಸಿಸೊಯೆವ್ ಹೊರತಂದ ಎಂಜಿನ್‌ಎಕ್ಸ್, ಹಳೆಯ ಅಪಾಚೆ, ಸೈಟಿನ ಗುರುತು ಸಾಬೀತು ಮಾಡುವ ಸರ್ಟಿಫಿಕೇಟನ್ನು ತಾನೇ ತಂದುಕೊಳ್ಳುವ ಕ್ಯಾಡಿ, ಕಂಟೇನರ್ ಬಳಸುವವರು ಇಷ್ಟಪಡುವ ಟ್ರಾಫಿಕ್ (Traefik), ಎಲ್ಲವೂ ಈ ಕೆಲಸ ಮಾಡುತ್ತವೆ. ಹೊಸಬರಿಗೆ ನಾನು ಕ್ಯಾಡಿ ಹೇಳುತ್ತೇನೆ, ಅದರಲ್ಲಿ ಒಂದು ಸೈಟಿಗೆ ಎರಡು ಮೂರು ಸಾಲು ಬರೆದರೆ ಸಾಕು.

ಜೋಡಣೆ ಹೀಗಿರುತ್ತದೆ. ಫೋಟೋ ಮತ್ತು ಫೈಲ್ ಎರಡರ ಹೆಸರಿಗೂ ಡಿಎನ್‌ಎಸ್‌ನಲ್ಲಿ ಅದೇ ಸಾರ್ವಜನಿಕ ಐಪಿ. ರೌಟರ್‌ನಲ್ಲಿ 80 ಮತ್ತು 443 ಎರಡೂ ಒಂದೇ ಯಂತ್ರಕ್ಕೆ, ಅಂದರೆ ಪ್ರಾಕ್ಸಿಗೆ. ಅದು 192.168.1.5 ಅಂದುಕೊಳ್ಳಿ. ಪ್ರಾಕ್ಸಿ ಹೋಸ್ಟ್ ಹೆಡರ್ ನೋಡುತ್ತದೆ. ಫೋಟೋ ಎಂದಿದ್ದರೆ 192.168.1.10ಕ್ಕೆ, ಫೈಲ್ ಎಂದಿದ್ದರೆ 192.168.1.20ಕ್ಕೆ. ಒಳಗಿನ ಸರ್ವರ್ ಯಾವ ಪೋರ್ಟ್‌ನಲ್ಲಿದ್ದರೂ ನಡೆಯುತ್ತದೆ, ಹೊರಗಿನವರಿಗೆ ಅದು ತಿಳಿಯುವುದೇ ಇಲ್ಲ. ಎಚ್‌ಟಿಟಿಪಿ 3 ಬೇಕಿದ್ದರೆ 443ರಲ್ಲಿ ಯುಡಿಪಿ ಎಂಬ ಇನ್ನೊಂದು ಸಾಗಣೆ ವಿಧಾನವನ್ನೂ ತೆರೆಯಬೇಕು. ಎಚ್‌ಟಿಟಿಪಿ 3 ಮಾಮೂಲಿ ಟಿಸಿಪಿ ಮೇಲೆ ಓಡುವುದಿಲ್ಲ.

ಬರೆದುಕೊಂಡು ಹೋದರೆ ಇಷ್ಟು ಸುಲಭ. ಆದರೆ ಒಳಗಿನ ಸರ್ವರ್‌ನ ಕಡೆಯಿಂದ ಒಮ್ಮೆ ನೋಡಿ. ಅದು ಇಲ್ಲಿಯವರೆಗೆ ನೇರವಾಗಿ ಜನರ ಜೊತೆ ಮಾತಾಡುತ್ತಿತ್ತು. ಈಗ ಅದಕ್ಕೆ ಕಾಣುವುದು ಪ್ರಾಕ್ಸಿಯ ಮುಖ ಮಾತ್ರ. ಸೆಟಪ್ ಮಾಡುವವರು ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವ ತೊಂದರೆಗಳಲ್ಲಿ ಹೆಚ್ಚಿನವು ಇದೊಂದರಿಂದ ಹುಟ್ಟುತ್ತವೆ.

ಎಂಜಿನ್‌ಎಕ್ಸ್ ಹಿಂದಿನ ಸರ್ವರ್‌ಗೆ ವಿನಂತಿ ದಾಟಿಸುವಾಗ, ನಾವು ಹೇಳದಿದ್ದರೆ, ಮೂಲ ಹೋಸ್ಟ್ ಹೆಸರಿನ ಬದಲು ಹಿಂದಿನ ಸರ್ವರ್‌ನ ವಿಳಾಸವನ್ನೇ ಹಾಕಿ ಕಳಿಸುತ್ತದೆ. ಆಗ ಆಪ್ ತನ್ನ ಹೆಸರು 192.168.1.10 ಎಂದು ತಿಳಿದು, ಅದೇ ವಿಳಾಸಕ್ಕೆ ಲಿಂಕ್ ಕಟ್ಟಿ ಕೊಡುತ್ತದೆ. ಹೊರಗಿನವರು ಕ್ಲಿಕ್ ಮಾಡಿದರೆ ಏನೂ ತೆರೆಯುವುದಿಲ್ಲ. ಹೋಸ್ಟ್ ಹೆಡರನ್ನು ಹಾಗೆಯೇ ದಾಟಿಸು ಎಂಬ ಒಂದು ಸಾಲು ಸೇರಿಸಿದರೆ ಇದು ಸರಿಹೋಗುತ್ತದೆ.

ಪುಟ ಸುತ್ತಿ ಸುತ್ತಿ ಕೊನೆಗೆ ಬ್ರೌಸರ್ ಕೈಚೆಲ್ಲುವುದು ಇನ್ನೊಂದು ಸಾಮಾನ್ಯ ತೊಂದರೆ. ಹೊರಗಿನಿಂದ ಪ್ರಾಕ್ಸಿವರೆಗೆ ಎಚ್‌ಟಿಟಿಪಿಎಸ್, ಪ್ರಾಕ್ಸಿಯಿಂದ ಒಳಗೆ ಬರೀ ಎಚ್‌ಟಿಟಿಪಿ. ಆಪ್ ನೋಡಿ, ಅಯ್ಯೋ ಇದು ಸುರಕ್ಷಿತ ಸಂಪರ್ಕವಲ್ಲ, ಎಚ್‌ಟಿಟಿಪಿಎಸ್‌ಗೆ ಹೋಗು ಅನ್ನುತ್ತದೆ. ಬ್ರೌಸರ್ ಮತ್ತೆ ಎಚ್‌ಟಿಟಿಪಿಎಸ್‌ನಲ್ಲೇ ಬರುತ್ತದೆ, ಪ್ರಾಕ್ಸಿ ಮತ್ತೆ ಎಚ್‌ಟಿಟಿಪಿಯಲ್ಲಿ ದಾಟಿಸುತ್ತದೆ, ಆಪ್ ಮತ್ತೆ ಅದೇ ಮಾತು ಹೇಳುತ್ತದೆ. ಎಕ್ಸ್-ಫಾರ್ವರ್ಡೆಡ್-ಪ್ರೋಟೋ ಎಂಬ ಹೆಡರ್‌ನಲ್ಲಿ ಹೊರಗಿನ ಸಂಪರ್ಕ ಎಚ್‌ಟಿಟಿಪಿಎಸ್ ಆಗಿತ್ತು ಎಂದು ಪ್ರಾಕ್ಸಿ ಹೇಳಬೇಕು, ಅದನ್ನು ನಂಬು ಎಂದು ಆಪ್‌ಗೆ ನಾವು ಹೇಳಬೇಕು. ಒಂದು ಕಡೆ ಮಾತ್ರ ಮಾಡಿದರೆ ಸಾಲದು.

ದೊಡ್ಡ ಫೋಟೋ ಹಾಕಿದರೆ 413 ಎಂಬ ದೋಷ ಸಂಖ್ಯೆ ಬಂತೇ? ಎಂಜಿನ್‌ಎಕ್ಸ್ ಸಾಮಾನ್ಯವಾಗಿ 1 ಎಂಬಿಗಿಂತ ದೊಡ್ಡ ಅಪ್‌ಲೋಡನ್ನು ಒಪ್ಪುವುದಿಲ್ಲ. ಆ ಮಿತಿ ಏರಿಸಬೇಕು. ಒಂದು ನಿಮಿಷದ ನಂತರ 504 ಬಂತೇ? ಹಿಂದಿನ ಸರ್ವರ್‌ನ ಉತ್ತರಕ್ಕೆ ಅದು ಕಾಯುವುದೇ 60 ಸೆಕೆಂಡ್. ಚಾಟ್ ಅಥವಾ ಲೈವ್ ಪುಟ ತೆರೆದೂ ಏನೂ ಬರುತ್ತಿಲ್ಲವೇ? ಸಂಪರ್ಕವನ್ನು ತೆರೆದೇ ಇಡುವ ವೆಬ್‌ಸಾಕೆಟ್‌ಗೆ ಬೇಕಾದ ಅಪ್‌ಗ್ರೇಡ್ ಹೆಡರ್ ದಾಟುತ್ತಿಲ್ಲ. 502 ಬಂದರೆ ಮಾತ್ರ ಪ್ರಾಕ್ಸಿ ಬಿಟ್ಟು ಹಿಂದಿನ ಸರ್ವರ್ ಕಡೆ ಮೊದಲು ನೋಡಿ. ಅದು ಎದ್ದಿಲ್ಲ, ಇಲ್ಲವೇ ಬೇರೆ ಪೋರ್ಟ್‌ನಲ್ಲಿದೆ.

ಬೀಗ ಹಾಕಿದ ಲಕೋಟೆಯ ಮೇಲೆ ಹೆಸರು

ಎಚ್‌ಟಿಟಿಪಿಎಸ್ ಬಂದಾಗ ಹೋಸ್ಟ್ ಹೆಡರ್‌ನ ಉಪಾಯ ಕೈಕೊಟ್ಟಿತು. ಹೆಡರ್ ಇರುವುದು ಗುಪ್ತ ಸಂದೇಶದ ಒಳಗೆ. ಗುಪ್ತ ಸಂಪರ್ಕ ಶುರುವಾಗಬೇಕಾದರೆ ಸರ್ವರ್ ಮೊದಲು ತನ್ನ ಸರ್ಟಿಫಿಕೇಟ್ ತೋರಿಸಬೇಕು. ಯಾವ ಸೈಟಿನ ಸರ್ಟಿಫಿಕೇಟ್? ಹೆಸರು ಗೊತ್ತಾದರೆ ತಾನೇ ತೋರಿಸುವುದು. ಹೆಸರು ಗೊತ್ತಾಗಬೇಕಾದರೆ ಬೀಗ ತೆಗೆಯಬೇಕು, ಬೀಗ ತೆಗೆಯಬೇಕಾದರೆ ಹೆಸರು ಗೊತ್ತಿರಬೇಕು.

2003ರಲ್ಲಿ ಇದಕ್ಕೊಂದು ಪರಿಹಾರ ಬಂತು. ಬ್ರೌಸರ್ ಟಿಎಲ್‌ಎಸ್, ಅಂದರೆ ಗುಪ್ತ ಸಂಪರ್ಕ ಕಟ್ಟುವ, ಮಾತುಕತೆಯ ಮೊದಲ ಸಂದೇಶದಲ್ಲೇ ತನಗೆ ಬೇಕಾದ ಹೆಸರನ್ನು ತೆರೆದು ಹೇಳುತ್ತದೆ. ಇದಕ್ಕೆ ಎಸ್‌ಎನ್‌ಐ ಎನ್ನುತ್ತಾರೆ. ಪರಿಹಾರ ಬಂದರೂ ಬಳಕೆಗೆ ಬರಲು ಹತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. ವಿಂಡೋಸ್ ಎಕ್ಸ್‌ಪಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಎಸ್‌ಎನ್‌ಐ ಗೊತ್ತಿರಲಿಲ್ಲ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2014ರ ಏಪ್ರಿಲ್‌ನಲ್ಲಿ. ಅಲ್ಲಿಯವರೆಗೂ ಎಚ್‌ಟಿಟಿಪಿಎಸ್ ಸೈಟಿಗೆ ಪ್ರತ್ಯೇಕ ಐಪಿ ಬೇಕು ಎಂಬ ಮಾತು ಚಾಲ್ತಿಯಲ್ಲಿತ್ತು. ಈಗಲೂ ಅದನ್ನು ಹೇಳುವವರು ಸಿಗುತ್ತಾರೆ. ಈಗ ಅದು ನಿಜವಲ್ಲ.

ಎಸ್‌ಎನ್‌ಐ ಇರುವುದರಿಂದ ಪ್ರಾಕ್ಸಿಗೆ ಎರಡು ರೀತಿ ಸಾಧ್ಯ. ತಾನೇ ಬೀಗ ತೆಗೆದು, ಒಳಗಿನದನ್ನು ಓದಿ, ಹಿಂದೆ ದಾಟಿಸಬಹುದು. ಇಲ್ಲವೇ ಲಕೋಟೆಯ ಮೇಲಿನ ಹೆಸರನ್ನು ಮಾತ್ರ ಓದಿ, ಬೀಗ ಮುಟ್ಟದೆ, ಹಾಗೇ ಒಳಗಿನ ಸರ್ವರ್‌ಗೆ ಕೊಡಬಹುದು. ಎಚ್‌ಎಪ್ರಾಕ್ಸಿ, ಎಂಜಿನ್‌ಎಕ್ಸ್ ಎರಡಕ್ಕೂ ಇದು ಬರುತ್ತದೆ. ಎಲ್ಲ ಸರ್ವರ್‌ಗಳೂ ಒಬ್ಬರದೇ ಆಗಿದ್ದರೆ ಮೊದಲನೆಯದೇ ಸರಿ: ಸರ್ಟಿಫಿಕೇಟ್‌ಗಳು ಒಂದೇ ಕಡೆ, ಲಾಗ್ ಒಂದೇ ಕಡೆ. ಹಿಂದಿನ ಸರ್ವರ್‌ಗಳು ಬೇರೆ ಬೇರೆಯವರದ್ದಾಗಿದ್ದು, ಪ್ರಾಕ್ಸಿ ನಡೆಸುವವರು ಅವರ ಮಾತು ಓದಬಾರದು ಎಂದಿದ್ದರೆ ಎರಡನೆಯದು.

ಎರಡನೆಯದರಲ್ಲಿ ಒಂದು ಕುತ್ತು ಇದೆ, ಅದು ಸಿಕ್ಕಿಬೀಳುವವರೆಗೂ ಗೊತ್ತಾಗುವುದಿಲ್ಲ. ಎರಡು ಸರ್ವರ್‌ಗಳಲ್ಲೂ ಎಲ್ಲ ಸಬ್‌ಡೊಮೇನ್‌ಗಳಿಗೂ ಸಲ್ಲುವ ಒಂದೇ ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್ ಇದೆ ಎನ್ನಿ. ಬ್ರೌಸರ್ ಮೊದಲು ಫೋಟೋ ಸೈಟಿಗೆ ಎಚ್‌ಟಿಟಿಪಿ 2 ಸಂಪರ್ಕ ಕಟ್ಟಿಕೊಳ್ಳುತ್ತದೆ. ಆಮೇಲೆ ಫೈಲ್ ಸೈಟ್ ಬೇಕಾಗುತ್ತದೆ. ಐಪಿ ಅದೇ, ಸರ್ಟಿಫಿಕೇಟ್ ಈ ಹೆಸರಿಗೂ ಸಲ್ಲುತ್ತದೆ, ಹೊಸ ಸಂಪರ್ಕ ಯಾಕೆ ಎಂದು ಬ್ರೌಸರ್ ಹಳೆಯದರಲ್ಲೇ ಕೇಳುತ್ತದೆ. ಅದಕ್ಕೆ ಹೀಗೆ ಮಾಡಲು ನಿಯಮದಲ್ಲೇ ಅವಕಾಶವಿದೆ. ಆ ವಿನಂತಿ ಹೋಗಿ ಬೀಳುವುದು ಫೋಟೋ ಸರ್ವರ್‌ಗೆ. ಒಮ್ಮೆ ಸರಿ ಬರುತ್ತದೆ, ಒಮ್ಮೆ ತಪ್ಪು ಪುಟ ಬರುತ್ತದೆ. ಹೆಸರು ಹೇಳುವುದು ಸಂಪರ್ಕದ ಶುರುವಿನಲ್ಲಿ ಒಂದೇ ಸಲ, ಪ್ರಾಕ್ಸಿ ಕೇಳಿಸಿಕೊಂಡದ್ದೂ ಆಗಲೇ. ಆಮೇಲೆ ಬೀಗದೊಳಗೆ ಬೇರೆ ಹೆಸರು ಹೇಳಿದರೆ ಅದಕ್ಕೆ ಕೇಳಿಸುವುದಿಲ್ಲ. ತಪ್ಪು ಹೆಸರು ಬಂದಾಗ ಒಳಗಿನ ಸರ್ವರ್ 421 ಎಂದು ಉತ್ತರಿಸಿದರೆ ಬ್ರೌಸರ್ ಹೊಸ ಸಂಪರ್ಕ ಕಟ್ಟಬಹುದು. ಇನ್ನೂ ಸುಲಭದ ದಾರಿ, ಹೆಸರಿಗೊಂದು ಸರ್ಟಿಫಿಕೇಟ್ ಮಾಡಿಸುವುದು.

ಸರ್ಟಿಫಿಕೇಟ್‌ನ ಆಯಸ್ಸು ಕಡಿಮೆಯಾಗುತ್ತಿದೆ

ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸೇವೆ 2015ರ ಡಿಸೆಂಬರ್‌ನಲ್ಲಿ ಎಲ್ಲರಿಗೂ ತೆರೆದುಕೊಂಡ ಮೇಲೆ ಸರ್ಟಿಫಿಕೇಟ್ ಉಚಿತವಾಯಿತು. 90 ದಿನಕ್ಕೊಮ್ಮೆ ಹೊಸದು ಪಡೆಯಬೇಕು. ಕೊಡುವ ಮೊದಲು ಅದು ನಮ್ಮ ಹೆಸರಿನ 80ನೇ ಪೋರ್ಟ್‌ಗೆ ಬಂದು ಒಂದು ಫೈಲ್ ಇದೆಯೇ ಎಂದು ನೋಡುತ್ತದೆ. ಒಂದೇ ಐಪಿಯ ಹಿಂದೆ ಹಲವು ಸರ್ವರ್ ಇದ್ದಾಗ ಆ ಪರೀಕ್ಷೆಯೂ ಪ್ರಾಕ್ಸಿಗೇ ಬಂದು ನಿಲ್ಲುತ್ತದೆ. ಒಳಗಿನ ಪ್ರತಿ ಯಂತ್ರವೂ ತನ್ನ ಪಾಡಿಗೆ ಸರ್ಟಿಫಿಕೇಟ್ ಕೇಳಿದರೆ ಸಿಗದೇ ಇರುವುದು ಇದಕ್ಕೇ. ಪ್ರಾಕ್ಸಿಯೇ ಎಲ್ಲರ ಪರವಾಗಿ ಕೇಳಲಿ. ಇಲ್ಲವೇ ಡಿಎನ್‌ಎಸ್‌ನಲ್ಲಿ ಒಂದು ಟಿಎಕ್ಸ್‌ಟಿ ರೆಕಾರ್ಡ್ ಹಾಕಿ ತೋರಿಸುವ ವಿಧಾನ ಹಿಡಿಯಿರಿ. ಅದಕ್ಕೆ ಯಾವ ಪೋರ್ಟನ್ನೂ ತೆರೆಯಬೇಕಿಲ್ಲ, 2018ರಿಂದ ಸಿಗುತ್ತಿರುವ ವೈಲ್ಡ್‌ಕಾರ್ಡ್‌ಗೆ ಇದೊಂದೇ ದಾರಿ.

ಇದು ಈಗ ಇನ್ನಷ್ಟು ಮುಖ್ಯವಾಗಿದೆ. ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳ (ಸಿಎ) ಮತ್ತು ಬ್ರೌಸರ್ ಕಂಪನಿಗಳ ಒಕ್ಕೂಟ 2025ರ ಏಪ್ರಿಲ್‌ನಲ್ಲಿ ಸರ್ಟಿಫಿಕೇಟ್‌ನ ಗರಿಷ್ಠ ಅವಧಿಯನ್ನು ಹಂತ ಹಂತವಾಗಿ ಇಳಿಸಲು ತೀರ್ಮಾನಿಸಿತು. 398 ದಿನ ಇದ್ದದ್ದು 2026ರ ಮಾರ್ಚ್ 15ರಿಂದ 200 ದಿನಕ್ಕೆ, ಒಂದು ವರ್ಷದ ನಂತರ 100ಕ್ಕೆ, 2029ರ ಮಾರ್ಚ್ 15ರಿಂದ 47ಕ್ಕೆ. ವರ್ಷಕ್ಕೊಮ್ಮೆ ಕೊಂಡು ಕೈಯಾರೆ ಹಾಕುತ್ತಿದ್ದವರು ಇನ್ನು ಹಾಗೆ ನಡೆಸಲಾರರು. ಹತ್ತು ಒಳಸರ್ವರ್‌ಗಳಲ್ಲಿ ಹತ್ತು ಕಡೆ ನವೀಕರಣ ನೋಡಿಕೊಳ್ಳುವುದಕ್ಕಿಂತ ಬಾಗಿಲಲ್ಲಿ ಒಂದೇ ಕಡೆ ನೋಡಿಕೊಳ್ಳುವುದು ಎಷ್ಟೋ ಮೇಲು, ಅಲ್ವಾ? ಆದರೆ ಆ ಒಂದು ಕಡೆ ನಿಂತುಹೋದರೆ ಹತ್ತೂ ಒಂದೇ ದಿನ ಕೆಡುತ್ತವೆ. ಲೆಟ್ಸ್ ಎನ್‌ಕ್ರಿಪ್ಟ್ 2025ರ ಜೂನ್‌ನಲ್ಲಿ ಅವಧಿ ಮುಗಿಯುವ ಎಚ್ಚರಿಕೆಯ ಈಮೇಲ್‌ಗಳನ್ನೂ ನಿಲ್ಲಿಸಿದೆ. ಸರ್ಟಿಫಿಕೇಟ್‌ನ ದಿನಾಂಕವನ್ನು ಹೊರಗಿನಿಂದ ನೋಡಿ ಎಚ್ಚರಿಸುವ ಏರ್ಪಾಡನ್ನು ನಾವೇ ಮಾಡಿಕೊಳ್ಳಬೇಕು.

ಇನ್ನೊಂದು ಮಾತು. ಹೊಸ ಸರ್ಟಿಫಿಕೇಟ್ ಕೊಟ್ಟಾಗಲೆಲ್ಲ ಅದರಲ್ಲಿರುವ ಹೆಸರು ಸಾರ್ವಜನಿಕ ಲಾಗ್‌ಗೆ ಸೇರುತ್ತದೆ. ಯಾರೂ ಊಹಿಸಲಾರದ ಸಬ್‌ಡೊಮೇನ್ ಇಟ್ಟಿದ್ದೇನೆ, ಹಾಗಾಗಿ ಸುರಕ್ಷಿತ ಎಂದುಕೊಂಡವರ ಬಾಗಿಲಿಗೆ ಹೆಚ್ಚು ಹೊತ್ತಾಗುವ ಮೊದಲೇ ಅಪರಿಚಿತ ಸ್ಕ್ಯಾನರ್‌ಗಳು ಬರುತ್ತವೆ. ವೈಲ್ಡ್‌ಕಾರ್ಡ್ ಆದರೆ ಒಳಗಿನ ಹೆಸರುಗಳು ಅಲ್ಲಿ ಕಾಣುವುದಿಲ್ಲ. ಆದರೂ ಗುಟ್ಟಾದ ಹೆಸರನ್ನು ಪಾಸ್‌ವರ್ಡ್ ಎಂದುಕೊಳ್ಳಬೇಡಿ.

ಬಾಗಿಲು ಕಾಯುವವರ ಹೊಣೆ

ಎಲ್ಲವೂ ಒಂದೇ ಬಾಗಿಲಲ್ಲಿ ಬಂದ ಮೇಲೆ ಆ ಬಾಗಿಲಿನ ತಪ್ಪು ಎಲ್ಲರ ತಪ್ಪಾಗುತ್ತದೆ. ನಾನು ಪಾಠ ಕಲಿತದ್ದು ಒಂದು ಸಣ್ಣ ವಿಷಯದಿಂದ. ತಪ್ಪು ಪಾಸ್‌ವರ್ಡ್ ಪದೇಪದೇ ಹಾಕಿದ ಐಪಿಗಳನ್ನು ತಡೆಯುವ ಫೇಲ್‌ಟುಬ್ಯಾನ್ ಒಳಗಿನ ಸರ್ವರ್‌ನಲ್ಲಿ ಓಡುತ್ತಿತ್ತು. ಪ್ರಾಕ್ಸಿ ಬಂದ ಮೇಲೆ ಆ ಸರ್ವರ್‌ಗೆ ಎಲ್ಲರೂ 192.168.1.5ರಿಂದಲೇ ಬಂದಂತೆ ಕಂಡರು. ಯಾರೋ ಒಬ್ಬರು ನಾಲ್ಕು ಸಲ ತಪ್ಪು ಪಾಸ್‌ವರ್ಡ್ ಹಾಕಿದರು. ಅದು ಪ್ರಾಕ್ಸಿಯನ್ನೇ ತಡೆದುಬಿಟ್ಟಿತು. ಸೈಟ್ ಎಲ್ಲರಿಗೂ ಬಂದ್.

ನಿಜವಾದ ಐಪಿಯನ್ನು ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರ್‌ನಲ್ಲಿ ದಾಟಿಸಬೇಕು. ಆದರೆ ಈ ಹೆಡರನ್ನು ಯಾರು ಬೇಕಾದರೂ ಬರೆದು ಕಳಿಸಬಹುದು. ನಾನು 192.168.1.1ರಿಂದ ಬಂದವನು ಎಂದು ಹೊರಗಿನವರು ಬರೆದರೆ, ಆಪ್ ಕಣ್ಣುಮುಚ್ಚಿ ನಂಬಿದರೆ, ಒಳಗಿನವರಿಗೆ ಮಾತ್ರ ಎಂದಿಟ್ಟ ಪುಟವೂ ತೆರೆಯುತ್ತದೆ. ಹಾಗಾಗಿ ಪ್ರಾಕ್ಸಿಯ ಐಪಿಯಿಂದ ಬಂದಾಗ ಮಾತ್ರ ಈ ಹೆಡರ್ ನಂಬು ಎಂದು ಆಪ್‌ನಲ್ಲಿ ಬರೆಯಬೇಕು. ಹೊರಗಿನಿಂದ ಬಂದದ್ದನ್ನು ಪ್ರಾಕ್ಸಿ ಅಳಿಸಿ ತಾನೇ ಹೊಸದಾಗಿ ಬರೆಯಬೇಕು. ಒಳಗಿನ ಸರ್ವರ್ ಪ್ರಾಕ್ಸಿಯೊಬ್ಬನ ಮಾತಿಗೆ ಮಾತ್ರ ಓಗೊಡುವಂತೆ ಫೈರ್‌ವಾಲ್ ಇರಬೇಕು.

ಹೆಸರೇ ಹೇಳದೆ ಬರುವವರೂ ಇದ್ದಾರೆ. ಐಪಿ ಸಂಖ್ಯೆಗಳನ್ನೇ ಒಂದೊಂದಾಗಿ ತಟ್ಟಿ ನೋಡುವ ಸ್ಕ್ಯಾನರ್‌ಗಳು. ಎಂಜಿನ್‌ಎಕ್ಸ್‌ನಲ್ಲಿ ಯಾವ ಹೆಸರೂ ಹೊಂದದಿದ್ದರೆ ಕಾನ್ಫಿಗ್‌ನಲ್ಲಿ ಮೊದಲು ಬರೆದ ಸೈಟೇ ಉತ್ತರ ಕೊಡುತ್ತದೆ. ತುಂಬ ಕಡೆ ಅದು ಒಳಗಿನ ಬಳಕೆಯ ಯಾವುದೋ ಪುಟ ಆಗಿರುತ್ತದೆ. ಖಾಲಿ ಡಿಫಾಲ್ಟ್ ಸರ್ವರ್ ಒಂದನ್ನು ಬರೆದು, ಹೆಸರು ಹೊಂದದವರ ಸಂಪರ್ಕವನ್ನು ಅಲ್ಲೇ ಕಡಿಯಿರಿ. 2020ರ ನಂತರದ ಆವೃತ್ತಿಗಳಲ್ಲಿ ಟಿಎಲ್‌ಎಸ್ ಹಂತದಲ್ಲೇ ನಿರಾಕರಿಸುವ ಸೌಲಭ್ಯವಿದೆ. ಆಗ ಸರ್ಟಿಫಿಕೇಟ್ ಕೂಡ ಅವರಿಗೆ ಕಾಣುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಕೇಳಲೇಬೇಕು: ಇದು ಹೊರಗೆ ಕಾಣಬೇಕೇ? ರೌಟರ್ ಪುಟ, ಬ್ಯಾಕಪ್ ಯಂತ್ರ, ಕ್ಯಾಮೆರಾ, ಇವನ್ನೆಲ್ಲ ಪ್ರಾಕ್ಸಿ ಇದೆ ಎಂಬ ಒಂದೇ ಕಾರಣಕ್ಕೆ ಹೊರಗೆ ಬಿಡುವುದು ನೋಡಿದರೆ ಬೇಸರವಾಗುತ್ತದೆ. ಮೂರು ನಾಲ್ಕು ಜನ ಬಳಸುವಂಥದ್ದಾದರೆ ಗುಪ್ತ ಖಾಸಗಿ ದಾರಿ ಕಟ್ಟಿಕೊಡುವ ವೈರ್‌ಗಾರ್ಡ್‌ನಂಥ ವಿಪಿಎನ್ ಸಾಕು. ಅದು 2020ರಿಂದ ಲಿನಕ್ಸ್ ಕರ್ನೆಲ್‌ನಲ್ಲೇ ಇದೆ. ಗುರುತಿಲ್ಲದವರಿಗೆ ಉತ್ತರವನ್ನೇ ಕೊಡುವುದಿಲ್ಲ.

ಒಳಗಿದ್ದೂ ತೆರೆಯದಿದ್ದರೆ

ಹೊರಗಿನಿಂದ ಸರಿಯಾಗಿ ತೆರೆಯುವ ಸೈಟ್ ಒಳಗಿನ ವೈಫೈನಲ್ಲಿ ತೆರೆಯದೆ ಹೋಗಬಹುದು. ಒಳಗಿನ ಯಂತ್ರ ಸಾರ್ವಜನಿಕ ಐಪಿಯನ್ನು ಹುಡುಕಿಕೊಂಡು ರೌಟರ್‌ಗೆ ಹೋಗುತ್ತದೆ. ರೌಟರ್ ಅದನ್ನು ಮತ್ತೆ ಒಳಗೇ ತಿರುಗಿಸಬೇಕು. ಇದಕ್ಕೆ ಹೇರ್‌ಪಿನ್ ನ್ಯಾಟ್ ಎನ್ನುತ್ತಾರೆ, ಎಲ್ಲ ರೌಟರ್‌ಗಳಿಗೂ ಇದು ಬರುವುದಿಲ್ಲ. ಒಳಗಿನ ಡಿಎನ್‌ಎಸ್‌ನಲ್ಲಿ ಅದೇ ಹೆಸರಿಗೆ 192.168.1.5 ಎಂದು ಬರೆದರೆ ಸರಿಹೋಗುತ್ತದೆ. ಬ್ರೌಸರ್ ತನ್ನದೇ ಗುಪ್ತ ಡಿಎನ್‌ಎಸ್ ಬಳಸುತ್ತಿದ್ದರೆ ಮಾತ್ರ ಒಳಗಿನ ಉತ್ತರ ಅದಕ್ಕೆ ತಲುಪುವುದಿಲ್ಲ. ಒಂದು ಯಂತ್ರದಲ್ಲಿ ತೆರೆದು ಇನ್ನೊಂದರಲ್ಲಿ ತೆರೆಯದಿದ್ದರೆ ಮೊದಲು ಇದನ್ನು ನೋಡಿ.

ಆ ಒಂದು ವಿಳಾಸವೂ ನಮ್ಮದಲ್ಲದಿದ್ದರೆ

ಈಗಿನ ದೊಡ್ಡ ಸಮಸ್ಯೆ ಇದು. ವಿಳಾಸ ಸಾಲದೆ ಇಂಟರ್ನೆಟ್ ಕಂಪನಿಗಳು ನೂರಾರು ಗ್ರಾಹಕರನ್ನು ಒಂದೇ ಐಪಿಯ ಹಿಂದೆ ಇಡುತ್ತಿವೆ. ಅದಕ್ಕೆಂದೇ 2012ರಲ್ಲಿ 100.64.0.0ರಿಂದ 100.127.255.255ರವರೆಗಿನ ವಿಳಾಸಗಳನ್ನು ಬೇರೆ ಇಟ್ಟರು. ರೌಟರ್‌ನಲ್ಲಿ ಹೊರಗಿನ ವಿಳಾಸ ಎಂದು ಈ ಸಾಲಿನದ್ದು ಕಂಡರೆ ನೀವು ಸಿಜಿನ್ಯಾಟ್‌ನ, ಅಂದರೆ ಕಂಪನಿಯೇ ನಡೆಸುವ ಇಂಥ ನ್ಯಾಟ್‌ನ, ಹಿಂದೆ ಇದ್ದೀರಿ. ರೌಟರ್ ತೋರಿಸುವುದು ಒಂದು, ನನ್ನ ಐಪಿ ಯಾವುದು ಎಂದು ಹೇಳುವ ಸೈಟ್ ತೋರಿಸುವುದು ಇನ್ನೊಂದು ಆಗಿದ್ದರೂ ಬಹುಮಟ್ಟಿಗೆ ಅದೇ ಕಥೆ. ಪೋರ್ಟ್ ಫಾರ್ವರ್ಡಿಂಗ್ ಎಷ್ಟು ಸರಿಯಾಗಿ ಬರೆದರೂ ನಡೆಯುವುದಿಲ್ಲ, ಯಾಕೆಂದರೆ ನಿಜವಾದ ಬಾಗಿಲು ಕಂಪನಿಯ ಕೈಯಲ್ಲಿದೆ. ವಾರಗಟ್ಟಲೆ ಕಾನ್ಫಿಗ್ ತಿದ್ದಿ ತಿದ್ದಿ ಸೋತವರನ್ನು ನೋಡಿದ್ದೇನೆ. ಅವರ ಕಾನ್ಫಿಗ್‌ನಲ್ಲಿ ತಪ್ಪೇ ಇರಲಿಲ್ಲ.

ಪರಿಹಾರ, ಒಳಗಿನಿಂದ ಹೊರಗೆ ಸಂಪರ್ಕ ಕಟ್ಟಿ ಅದರಲ್ಲೇ ವಿನಂತಿಗಳನ್ನು ತರಿಸಿಕೊಳ್ಳುವುದು. ಕ್ಲೌಡ್‌ಫ್ಲೇರ್ ಟನಲ್ ಇಂಥದ್ದು. ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ತುಂಬ ಜನ ಅದನ್ನೇ ಬಳಸುತ್ತಾರೆ. ಆದರೆ ಬೀಗ ತೆಗೆಯುವುದು ಅವರ ಯಂತ್ರದಲ್ಲಿ. ಹೆಸರನ್ನಷ್ಟೇ ಅಲ್ಲ, ಪುಟವನ್ನೂ ಪಾಸ್‌ವರ್ಡನ್ನೂ ಅವರು ಓದಬಲ್ಲರು. ಓದುತ್ತಾರೆ ಎಂದು ನಾನು ಹೇಳುತ್ತಿಲ್ಲ. ಆದರೆ ನನ್ನ ಮಾಹಿತಿ ನನ್ನ ಬಳಿಯೇ ಇರಲಿ ಎಂದು ಸರ್ವರ್ ಇಟ್ಟವರು ಇದನ್ನು ತಿಳಿದೇ ಒಪ್ಪಬೇಕು. 2025ರ ನವೆಂಬರ್ 18ರಂದು ಕ್ಲೌಡ್‌ಫ್ಲೇರ್ ಹಲವು ಗಂಟೆ ಎಡವಿದಾಗ ಜಗತ್ತಿನ ಎಷ್ಟೋ ಸೈಟ್‌ಗಳು ಒಟ್ಟಿಗೆ ತೊಂದರೆಗೆ ಸಿಲುಕಿದವು. ಅದೂ ಲೆಕ್ಕದಲ್ಲಿರಲಿ.

ನನಗೆ ಹಿಡಿಸಿದ ದಾರಿ ಸ್ವಲ್ಪ ಉದ್ದದ್ದು. ಸಾರ್ವಜನಿಕ ಐಪಿ ಇರುವ ಒಂದು ಸಣ್ಣ ಬಾಡಿಗೆ ಯಂತ್ರ. ಅಲ್ಲಿಂದ ಮನೆಗೆ ವೈರ್‌ಗಾರ್ಡ್. ಬಾಡಿಗೆ ಯಂತ್ರ ಎಸ್‌ಎನ್‌ಐ ಮಾತ್ರ ಓದಿ ಬೀಗ ಮುಟ್ಟದೆ ದಾಟಿಸುತ್ತದೆ. ಸರ್ಟಿಫಿಕೇಟ್ ಮತ್ತು ಕೀಲಿ ಮನೆಯ ಪ್ರಾಕ್ಸಿಯಲ್ಲೇ ಉಳಿಯುತ್ತವೆ. ಬಾಡಿಗೆ ಕಂಪನಿಗೆ ಯಾವ ಹೆಸರಿಗೆ ಯಾರು ಬಂದರು ಎಂದು ಕಾಣಬಹುದು, ಏನು ಮಾತಾಡಿದರು ಎಂದು ಕಾಣುವುದಿಲ್ಲ. ನಿಜವಾದ ಐಪಿ ಮಾತ್ರ ಈ ದಾರಿಯಲ್ಲಿ ಕಳೆದುಹೋಗುತ್ತದೆ. ಬೀಗ ಹಾಕಿದ ಲಕೋಟೆಯೊಳಗೆ ಹೆಡರ್ ಬರೆಯಲು ಆಗುವುದಿಲ್ಲವಲ್ಲ. ಅದಕ್ಕೆ ಪ್ರಾಕ್ಸಿ ಪ್ರೋಟೋಕಾಲ್ ಎಂಬ ಏರ್ಪಾಡಿದೆ. ಸಂಪರ್ಕದ ಶುರುವಿನಲ್ಲಿ ಐಪಿಯನ್ನು ಒಂದು ತುಣುಕಾಗಿ ಮುಂದೆ ಸೇರಿಸಿ ಕಳಿಸುತ್ತದೆ. ಎರಡೂ ತುದಿಯಲ್ಲಿ ಅದನ್ನು ಆನ್ ಮಾಡಬೇಕು. ಒಂದೇ ತುದಿಯಲ್ಲಿ ಮಾಡಿದರೆ ಏನೂ ತೆರೆಯುವುದಿಲ್ಲ.

ಐಪಿವಿ6 ಬಂದರೆ

ಹೊಸ ಬಗೆಯ ಐಪಿವಿ6 ವಿಳಾಸ 128 ಬಿಟ್‌ಗಳದ್ದು. ಒಳಗಿನ ಪ್ರತಿ ಯಂತ್ರಕ್ಕೂ ಅದರದ್ದೇ ಸಾರ್ವಜನಿಕ ವಿಳಾಸ ಕೊಟ್ಟರೂ ಕರಗುವುದಿಲ್ಲ. ಆಗ ಈ ಸರ್ಕಸ್ ಎಲ್ಲ ಬೇಕಿಲ್ಲವಲ್ಲ ಎಂದು ಕೇಳುತ್ತಾರೆ. ಗೂಗಲ್‌ಗೆ ಬರುವವರಲ್ಲಿ ಈಗ ಹೆಚ್ಚುಕಡಿಮೆ ಅರ್ಧದಷ್ಟು ಜನ ಐಪಿವಿ6ನಲ್ಲಿ ಬರುತ್ತಾರೆ. ಉಳಿದ ಅರ್ಧಕ್ಕೆ ಹಳೆಯ ಬಾಗಿಲು ಬೇಕೇ ಬೇಕು. ಪ್ರತಿ ಯಂತ್ರವನ್ನೂ ನೇರವಾಗಿ ತೆರೆದರೆ ಪ್ರತಿ ಯಂತ್ರದ ಸರ್ಟಿಫಿಕೇಟ್, ಅಪ್‌ಡೇಟ್, ಫೈರ್‌ವಾಲ್ ಬೇರೆ ಬೇರೆ ನೋಡಿಕೊಳ್ಳಬೇಕು. ಆದ್ದರಿಂದ ವೆಬ್ ಮಟ್ಟಿಗೆ ನಾನು ಎ ರೆಕಾರ್ಡ್, ಐಪಿವಿ6 ವಿಳಾಸ ಹೇಳುವ ನಾಲ್ಕು ಎಗಳ (AAAA) ರೆಕಾರ್ಡ್ ಎರಡನ್ನೂ ಅದೇ ಪ್ರಾಕ್ಸಿಗೆ ಇಟ್ಟಿದ್ದೇನೆ.

ಐಪಿವಿ6ನಿಂದ ನಿಜವಾದ ಲಾಭ ಆಗಿರುವುದು ಹೆಸರು ಹೇಳದ ಪ್ರೋಟೋಕಾಲ್‌ಗಳಿಗೆ. ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಸಂಪರ್ಕ ಕಟ್ಟುವಾಗ ತನಗೆ ಯಾವ ಯಂತ್ರ ಬೇಕು ಎಂದು ಹೆಸರು ಹೇಳುವುದಿಲ್ಲ. ಎಷ್ಟೋ ಗೇಮ್ ಸರ್ವರ್‌ಗಳೂ ಡೇಟಾಬೇಸ್‌ಗಳೂ ಹೇಳುವುದಿಲ್ಲ. ಅವಕ್ಕೆ ಹೋಸ್ಟ್ ಹೆಡರ್ ಇಲ್ಲ, ಎಸ್‌ಎನ್‌ಐ ಇಲ್ಲ, ಹಾಗಾಗಿ ಒಂದೇ ಐಪಿವಿ4 ಹಿಂದೆ ಇಟ್ಟರೆ ಬೇರೆ ಬೇರೆ ಪೋರ್ಟ್ ಕೊಡಬೇಕು, ಇಲ್ಲವೇ ಒಂದು ಯಂತ್ರಕ್ಕೆ ಹೋಗಿ ಅಲ್ಲಿಂದ ಇನ್ನೊಂದಕ್ಕೆ ಜಿಗಿಯಬೇಕು. ಈಗ ಐಪಿವಿ6 ಇರುವ ಕಡೆಯಿಂದ ನಾನು ಆ ಯಂತ್ರಗಳಿಗೆ ನೇರವಾಗಿ ಹೋಗುತ್ತೇನೆ, ಎಲ್ಲದರಲ್ಲೂ ಎಸ್‌ಎಸ್‌ಎಚ್‌ನ ಅದೇ 22ನೇ ಪೋರ್ಟ್. ಐಪಿವಿ4 ಮಾತ್ರ ಇರುವ ಕಡೆ ಕೂತಾಗ ಮೊದಲಿನಂತೆ ವೈರ್‌ಗಾರ್ಡ್ ಆನ್ ಮಾಡುತ್ತೇನೆ.